ಕಿಟಕಿಯಾಚೆಯ ಚಂದ್ರ, ಫಲಕದ ಮೇಲಿನ ಅಂಕಿ

ಸಿಮ್ಯುಲೇಟರ್ ಒಂದರ ವಿಮರ್ಶೆಗೆ ಸಾಹಿತ್ಯ ಪತ್ರಿಕೆಯಲ್ಲಿ ಜಾಗವೇಕೆ ಎನ್ನುವವರು ಅಪೊಲೊ ನೌಕೆಯ ಕೀಲಿಮಣೆಯನ್ನೊಮ್ಮೆ ನೋಡಬೇಕು. ಅದರಲ್ಲಿ ‘ವರ್ಬ್’, ‘ನೌನ್’ ಎಂಬ ಎರಡು ಗುಂಡಿಗಳಿವೆ. ಏನು ಮಾಡಬೇಕು ಎಂಬುದಕ್ಕೊಂದು ಸಂಖ್ಯೆ, ಯಾವುದನ್ನು ಎಂಬುದಕ್ಕೊಂದು. ವರ್ಬ್ 37 ಎಂದರೆ ಪ್ರೋಗ್ರಾಂ ಬದಲಿಸು. ಮುಂದೆ 63 ಒತ್ತಿದರೆ ಚಂದ್ರನಿಗೆ ಇಳಿಯುವ ಹಂತ. ಚಂದ್ರನಿಗೆ ಹೋದವರು ವ್ಯಾಕರಣ ಹಿಡಿದುಕೊಂಡೇ ಹೋದರು.

ಮಾರ್ಟಿನ್ ಶ್ವೈಗರ್ 2000ದಲ್ಲಿ ಹೊರತಂದ ‘ಆರ್ಬಿಟರ್’ಗೆ ಆಸಕ್ತರು ವರ್ಷಗಟ್ಟಲೆ ದುಡಿದು ಸೇರಿಸಿದ ಎನ್‌ಎಎಸ್‌ಎಸ್‌ಪಿಯಲ್ಲಿ ಈ ಕಾಕ್‌ಪಿಟ್ ಇದೆ. ಫಲಕದ ಚಿತ್ರ ಬರೆದು ಅದರ ಮೇಲೆ ಅಂಕಿ ಓಡಿಸಿದ್ದರೂ ನೋಡುವವರಿಗೆ ಸಾಕಿತ್ತು. ಎಷ್ಟೋ ಆಟಗಳು ಮಾಡುವುದು ಅಷ್ಟನ್ನೇ. ಇವರು ಹಾಗೆ ಮಾಡಲಿಲ್ಲ. ಅಂದು ಎಂಐಟಿಯಲ್ಲಿ ಬರೆದ ಮೂಲ ಪ್ರೋಗ್ರಾಮನ್ನೇ ಒಳಗೆ ನಡೆಸುತ್ತಾರೆ. ಆ ಪ್ರೋಗ್ರಾಂ ಒಂದು ಕಾಲಕ್ಕೆ ಹೆಂಗಸರು ಕೈಯಾರೆ ತಂತಿ ನೇಯ್ದ ಸ್ಮೃತಿಯಲ್ಲಿತ್ತು, ಒಟ್ಟು 36,864 ಪದಗಳಷ್ಟು. (ತುಮ್ಮಿನಕಟ್ಟಿಯ ಮಗ್ಗದ ಸಪ್ಪಳ ಕೇಳಿದವರಿಗೆ ಇದು ಅಷ್ಟೇನೂ ವಿಚಿತ್ರವೆನಿಸದು.)

ಇದರಿಂದ ಆಗುವ ವ್ಯತ್ಯಾಸ ದೊಡ್ಡದು. 1969ರ ಜುಲೈ 20ರಂದು ಅಪೊಲೊ 11 ಇಳಿಯುವಾಗ 1202 ಎಂಬ ಎಚ್ಚರಿಕೆ ಬಂತು. ರಾಡಾರ್ ಒಂದು ಕಂಪ್ಯೂಟರಿನ ಸಮಯ ಕಬಳಿಸುತ್ತಿತ್ತು. ಅದು ಕಡಿಮೆ ಮುಖ್ಯವಾದ ಕೆಲಸಗಳನ್ನು ಕೈಬಿಟ್ಟು ಉಳಿದದ್ದನ್ನು ನಡೆಸಿಕೊಂಡು ಹೋಯಿತು. ಬೇರೆ ಆಟದಲ್ಲಿ ಈ ಎಚ್ಚರಿಕೆಯನ್ನು ಇಂಥ ನಿಮಿಷಕ್ಕೆ ಬರಲಿ ಎಂದು ಬರೆದಿಡುತ್ತಾರೆ. ಇಲ್ಲಿ ಅದೇ ಹೊರೆ ಬಿದ್ದರೆ ಅದು ತಾನಾಗಿ ಹುಟ್ಟಬಲ್ಲದು. ನಾಟಕದಲ್ಲಿ ಪಾತ್ರ ಅಳುವುದಕ್ಕೂ ಕರ್ತೃ ಅಳಿಸುವುದಕ್ಕೂ ಇರುವ ಅಂತರವಿದು.

ಕೊರತೆಯೂ ಉಂಟು. ಕಿಟಕಿಯಾಚೆಯ ನೆಲ ಸಪ್ಪೆ. ಪಟ್ಟಿ ಹಿಡಿದು ಸ್ವಿಚ್ಚು ಒತ್ತುವುದರಲ್ಲೇ ಗಂಟೆಗಳು ಕಳೆಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಭಯವಿಲ್ಲ: ನೌಕೆ ಒಡೆದರೆ ಉಳಿಸಿಟ್ಟ ಸನ್ನಿವೇಶ ತೆರೆದು ಮತ್ತೆ ಇಳಿಯಬಹುದು.

ಹಾಗೆ ತೆರೆಯಲಾಗದ ಫಲಕವನ್ನು ನಾನು ನೋಡಿದ್ದು ಕುಮಾರಪಟ್ಟಣದಲ್ಲಿ, ಕಾಕಾನ ಮನೆಯ ಟಿವಿಯಲ್ಲಿ, 2019ರ ಸೆಪ್ಟೆಂಬರ್ 7ರ ನಡುರಾತ್ರಿ. ಬೆಂಗಳೂರಿನ ಇಸ್ಟ್ರಾಕ್‌ನಿಂದ ನೇರಪ್ರಸಾರ. ಒಂದು ಕಡೆ ವಿಕ್ರಮ್ ಇಳಿಯುವ ಅಂದದ ಅನಿಮೇಶನ್, ಇನ್ನೊಂದು ಕಡೆ ಕೆಂಪು ಗೆರೆಯ ಮೇಲೆ ಹಸಿರು ಚುಕ್ಕಿ. ನನ್ನ ಕಣ್ಣು ಅನಿಮೇಶನ್ ಮೇಲೆ. ಕಾಕಾ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ವರ್ಷಗಟ್ಟಲೆ ಮೀಟರು ನೋಡಿದವನು. “ಚಿತ್ರಾ ಏನ್ ನೋಡ್ತೀಯೋ, ಚುಕ್ಕಿ ನೋಡು” ಅಂದ. ಚುಕ್ಕಿ ಗೆರೆ ಬಿಟ್ಟು ಸರಿದಿತ್ತು. ಆಮೇಲೆ ನಿಂತಿತು. 2.1 ಕಿ.ಮೀ. ಎತ್ತರದವರೆಗೆ ಎಲ್ಲ ಸರಿಯಿತ್ತೆಂಬ ಪ್ರಕಟಣೆ ಬರುವಷ್ಟರಲ್ಲಿ ಕಾಕಾ ಎದ್ದು ಒಳಗೆ ಹೋಗಿದ್ದ.

ಕಾಕ್‌ಪಿಟ್ ಸಿಮ್ಯುಲೇಟರುಗಳನ್ನು ನಾನು ಅಳೆಯುವುದು ಆ ಚುಕ್ಕಿಯಿಂದಲೇ. ಅಂದವಾದ ಚಿತ್ರ ಸುಳ್ಳು ಹೇಳುತ್ತದೆಂದಲ್ಲ. ಅದಕ್ಕೆ ತಪ್ಪುವ ಹಕ್ಕಿರಲಿಲ್ಲ, ಚುಕ್ಕಿಗಿತ್ತು.

2023ರ ಆಗಸ್ಟ್ 23ರ ಸಂಜೆ ಮತ್ತೆ ಅದೇ ಮನೆ, ಅದೇ ಟಿವಿ. ಕಾಕಾನಿಗೆ ಕಣ್ಣು ಮಂಜಾಗಿತ್ತು. ಚಿತ್ರ ಹೇಗಿದೆ ಎಂದು ಅವನು ಒಮ್ಮೆಯೂ ಕೇಳಲಿಲ್ಲ. “ಕೆಳಗಿಳಿಯೋ ವೇಗ ಎಷ್ಟೈತಿ, ಓದು” ಅನ್ನುತ್ತಿದ್ದ. ನಾನು ಓದುತ್ತ ಹೋದೆ.