ಹೆಲ್ಮೆಟ್ ಕೊಟ್ಟಾಯ್ತು, ಮುಂದೆ?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಕಟ್ಟಡ ಕಾರ್ಮಿಕರಿಗೆ ಸುರಕ್ಷತೆ, ಆರೋಗ್ಯದ ತರಬೇತಿ ಬೇಕೇ ಬೇಕು. ಅದರಲ್ಲಿ ತಕರಾರಿಲ್ಲ. ನನ್ನ ತಕರಾರು ಒಂದೇ: ಪಾಠ ಯಾರಿಗೆ?

ಇಂಥ ತರಬೇತಿ ಸಾಮಾನ್ಯವಾಗಿ ಹೇಗಿರುತ್ತೆ ಅಂತ ನಿಮಗೂ ಗೊತ್ತು. ಒಂದು ಸಭಾಭವನ, ಬ್ಯಾನರ್, ಭಾಷಣ, ಕೊನೆಗೆ ಕಿಟ್ ಹಂಚಿಕೆ, ಫೋಟೊ. ಹೆಲ್ಮೆಟ್ ಹಾಕ್ರಿ, ಬೆಲ್ಟ್ ಕಟ್ರಿ, ಹುಷಾರಾಗಿರ್ರಿ. ಅಂದ್ರೆ ನಾಳೆ ಬಿದ್ದರೆ ತಪ್ಪು ಬಿದ್ದವನದೇ ಅಂತ ಇವತ್ತೇ ತೀರ್ಮಾನ ಮಾಡಿದ ಹಾಗೆ.

ಆದರೆ ಪಾಯದ ಗುಂಡಿಗೆ ಮಣ್ಣು ಕುಸಿಯದಂತೆ ಆಸರೆ ಕೊಡಬೇಕೋ ಬೇಡವೋ, ಸ್ಲ್ಯಾಬಿನ ಸೆಂಟ್ರಿಂಗ್ ಯಾವತ್ತು ಬಿಚ್ಚಬೇಕು ಅನ್ನೋದನ್ನ ನಿರ್ಧರಿಸೋದು ಉಸುಕಿನ ಬುಟ್ಟಿ ಹೊರುವ ಹೆಣ್ಣುಮಗಳಲ್ಲ. ಮೇಸ್ತ್ರಿ, ಗುತ್ತಿಗೆದಾರ, ಎಂಜಿನಿಯರ್, ಮಾಲೀಕ. ಅವರು ಪಾಠಕ್ಕೆ ಬರೋದು ಅಪರೂಪ. ಬಂದರೂ ಕುರ್ಚಿ ವೇದಿಕೆ ಮೇಲೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅಲ್ಲಿ ಯಾವ ಹೆಲ್ಮೆಟ್ ಯಾರನ್ನ ಉಳಿಸುತ್ತಿತ್ತು?

ಕಾನೂನಿನ ಅಳತೆಯೂ ದೊಡ್ಡವರದೇ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಜಾರಿಯಲ್ಲಿದ್ದಾಗ ಸುರಕ್ಷತಾ ಸಮಿತಿ ಕಡ್ಡಾಯವಾಗಿದ್ದದ್ದು 500 ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ. ಬಾಗಲಕೋಟೆಯ ನವನಗರದಲ್ಲಿ ಒಂದು ಮನೆ ಕಟ್ಟೋ ತಂಡದಲ್ಲಿ ಎಂಟೋ ಹತ್ತೋ ಜನ. ಅವರ ಪಾಲಿನ ಸಮಿತಿ ಅಂದ್ರೆ ಮೇಸ್ತ್ರಿಯ ಮರ್ಜಿ.

ಆರೋಗ್ಯದ ಪಾಠವೂ ಹೀಗೇ. ಇಳಕಲ್ಲಿನ ಕೆಂಪು ಗ್ರಾನೈಟ್, ಬಾದಾಮಿಯ ಮರಳುಗಲ್ಲು ಎರಡರಲ್ಲೂ ಸಿಲಿಕಾ ಇದೆ. ಕೊರೆಯುವಾಗ ಏಳುವ ಸಣ್ಣ ಧೂಳು ವರ್ಷಗಟ್ಟಲೆ ಪುಪ್ಪುಸದಲ್ಲಿ ಕೂತರೆ ಬರೋದು ಸಿಲಿಕೋಸಿಸ್. ಅದನ್ನ ವಾಸಿ ಮಾಡೋ ಔಷಧ ಇಲ್ಲ. ಮುಖಕ್ಕೆ ಸುತ್ತಿದ ಟವೆಲ್ ಆ ಧೂಳನ್ನ ತಡೆಯಲ್ಲ. ನೀರು ಬಿಡ್ತಾ ಕೊರೆದರೆ ಧೂಳು ಏಳೋದೇ ಕಡಿಮೆ. ಈಗ ಹೇಳಿ, ನೀರಿನ ಪೈಪು ಇರೋ ಮಷೀನು ತರಬೇಕಾದವರು ಯಾರು? ದಿನಗೂಲಿಯವನಾ?

ಇದು ದೂರದ ಊರಿನ ಸುದ್ದಿ ಅನ್ಕೋಬೇಡಿ. ಈ ತಾಲ್ಲೂಕುಗಳಿಂದ ಗುಳೆ ಹೋಗೋ ಜನ ಬೆಂಗಳೂರು, ಮಂಗಳೂರು, ಗೋವಾದಲ್ಲಿ ಕಟ್ಟಡ ಏರಿಸ್ತಾರೆ. ನೀವು ಇಎಂಐ ಕಟ್ತಿರೋ ಫ್ಲ್ಯಾಟಿನ ಗೋಡೆಯಲ್ಲೂ ಅವರ ಕೈ ಇರಬಹುದು. ಕಟ್ಟಡ ವೆಚ್ಚದ ಶೇ. 1ರಷ್ಟು ಸೆಸ್ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತೆ. ಸುತ್ತು ಬಳಸಿ ಅದು ನಿಮ್ಮ ದುಡ್ಡೂ ಹೌದು. ಹಾಗಾಗಿ ಆ ದುಡ್ಡಲ್ಲಿ ಏನು ಕಲಿಸ್ತಾರೆ ಅಂತ ಕೇಳೋ ಹಕ್ಕು ನಿಮಗಿದೆ.

ಕೇಳೋದಾದರೆ ಇಷ್ಟು ಕೇಳಿ. ಪಾಠ ಸಭಾಭವನದಲ್ಲಿ ಬೇಡ, ಕೆಲಸದ ಜಾಗದಲ್ಲೇ ಆಗಲಿ. ಆ ಹೊತ್ತಿನ ಪಗಾರ ಕಟ್ ಆಗದಿರಲಿ. ಮೊದಲ ಸಾಲಲ್ಲಿ ಮೇಸ್ತ್ರಿ, ಗುತ್ತಿಗೆದಾರ ಕೂರಲಿ. ಕಾರ್ಮಿಕರಿಗೆ ಬೇರೆ ಏನು ಕಲಿಸದಿದ್ದರೂ ಒಂದು ಮಾತು ಕಲಿಸಲಿ: "ಇದು ಗಟ್ಟಿ ಇಲ್ರೀ, ನಾ ಹತ್ತಂಗಿಲ್ಲ."

ಹೀಗೆ ಹೇಳಿದವನನ್ನ ಮರುದಿನವೂ ಕೆಲಸಕ್ಕೆ ಕರೆದರೆ ತರಬೇತಿ ಪಾಸು. ಕರೆಯದಿದ್ದರೆ, ಎಷ್ಟು ಹೆಲ್ಮೆಟ್ ಹಂಚಿದರೂ ಫೇಲು.