ಸುರಬಾಯ: ವೀರಗಾಥೆಯಲ್ಲದ ಕಥೆ

ಮಹಾಯುದ್ಧ ಮುಗಿಯಿತೆಂದು ಜಗತ್ತೆಲ್ಲ ನಿಟ್ಟುಸಿರು ಬಿಡುತ್ತಿದ್ದಾಗ ಮತ್ತೊಂದು ಯುದ್ಧಕ್ಕೆ ಸಿಕ್ಕಿದ ಊರು ಪೂರ್ವ ಜಾವಾದ ಸುರಬಾಯ. 1945ರ ಆಗಸ್ಟ್ 15ರಂದು ಜಪಾನು ಸೋಲೊಪ್ಪಿತು. ಎರಡು ದಿನಗಳ ಮೇಲೆ ಸುಕರ್ನೊ ಮತ್ತು ಹತ್ತಾ ಇಂಡೊನೇಷ್ಯದ ಸ್ವಾತಂತ್ರ್ಯವನ್ನು ಸಾರಿದರು. ಜಪಾನೀಯರ ಶಸ್ತ್ರ ಕಳಚಲು, ಸೆರೆಯಲ್ಲಿದ್ದವರನ್ನು ಬಿಡಿಸಲು ಎಂದು ಹೇಳಿಕೊಂಡು ಅಕ್ಟೋಬರ್ 25ರಂದು ಬ್ರಿಟಿಷ್ ಸೇನೆ ಆ ಊರಿಗೆ ಬಂದಿಳಿಯಿತು. ಅದರ ಬೆನ್ನಿಗೇ ಡಚ್ಚರು ಮರಳುವರೆಂದು ಜನಕ್ಕೆ ಅನುಮಾನ. ಅದು ಸುಳ್ಳೂ ಆಗಲಿಲ್ಲ. ಐದೇ ದಿನಗಳಲ್ಲಿ ಬ್ರಿಗೇಡಿಯರ್ ಮ್ಯಾಲಬಿ ಹತನಾದ. ನವೆಂಬರ್ 10ರಂದು ನೆಲ, ಕಡಲು, ಬಾನು ಮೂರರಿಂದಲೂ ಬೆಂಕಿ ಸುರಿಯಿತು. ಮೂರು ವಾರ ಕಾದಾಡಿ ಊರು ಬಿದ್ದಿತು. ಆ ನವೆಂಬರ್ 10 ಇಂಡೊನೇಷ್ಯದಲ್ಲಿ ಇಂದಿಗೂ ವೀರರ ದಿನ.

ಇಂಥ ವಸ್ತು ಕೈಗೆ ಸಿಕ್ಕಿದರೆ ಸಾಮಾನ್ಯ ಲೇಖಕ ಏನು ಮಾಡುತ್ತಾನೆಂದು ವಾಚಕರು ಬಲ್ಲರು: ಧ್ವಜ, ರಕ್ತ, ತಾಯಿಯ ಕಣ್ಣೀರು. ಇದ್ರುಸ್ (1921–1979) ಆ ದಾರಿ ಹಿಡಿಯಲಿಲ್ಲ. 1948ರಲ್ಲಿ ಬಂದ ಅವನ ಸಂಕಲನದಲ್ಲಿರುವ ‘ಸುರಬಾಯ’ ಎಂಬ ನೀಳ್ಗತೆಯಲ್ಲಿ ನಾಯಕನೆಂಬುವನೇ ಇಲ್ಲ. ಸೊಂಟಕ್ಕೆ ಪಿಸ್ತೂಲು ಸಿಗಿಸಿಕೊಂಡು ಬೀದಿ ಸುತ್ತುವ ತರುಣರು ಅವನಿಗೆ ಸಿನಿಮಾದ ಕೌಬಾಯ್‌ಗಳಂತೆ ಕಾಣುತ್ತಾರೆ. ಬಾಂಬು ಬಂದೂಕುಗಳು ಜನ ಹೊಸದಾಗಿ ಕಂಡುಕೊಂಡ ದೇವರಾಗುತ್ತವೆ. ಊರು ಉರಿಯುವಾಗ ಅವನು ಕೋಟೆಬಾಗಿಲಲ್ಲಿ ನಿಲ್ಲುವುದಿಲ್ಲ. ಗಂಟುಮೂಟೆ ಹೊತ್ತು ಓಡುವವರ ಸಂಗಡ ನಡೆಯುತ್ತಾನೆ. ಅವರ ಹಸಿವು, ಸಣ್ಣತನ, ಸಿಕ್ಕಸಿಕ್ಕವರನ್ನೆಲ್ಲ ಬೇಹುಗಾರರೆನ್ನುವ ಶಂಕೆ, ಯಾವುದನ್ನೂ ಮರೆಸುವುದಿಲ್ಲ. ವಾಕ್ಯಗಳು ಗಿಡ್ಡ, ಅಲಂಕಾರ ಕಡಮೆ. ಇಂಗ್ಲಿಷ್ ಅನುವಾದದಲ್ಲಿಯೂ ಆ ಒಣ ದನಿ ಕೇಳಿಸುತ್ತದೆ.

ಇದು ಕ್ರಾಂತಿದ್ರೋಹವೆಂದು ಅವನ ನಾಡಿನವರು ಸಿಟ್ಟಾದರು. ಸಿಟ್ಟು ಸಹಜವೇ. ಡಚ್ಚರೊಡನೆ ಹೋರಾಟ 1949ರ ಡಿಸೆಂಬರಿನವರೆಗೂ ನಡೆಯಿತು. ಅದರ ನಡುವೆಯೇ ಒಬ್ಬ ತನ್ನವರನ್ನು ನಕ್ಕರೆ ಸಹಿಸುವುದು ಹೇಗೆ? ಆದರೂ ಈ ಆಕ್ಷೇಪಣೆ ನನಗೆ ಒಪ್ಪಿಗೆಯಿಲ್ಲ. ನಮ್ಮ ರನ್ನನೂ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿದನಲ್ಲವೇ? ವೀರರಸದ ಪಕ್ಕದಲ್ಲಿ ಬೀಭತ್ಸ ಬಂದು ಕುಳಿತರೆ ವೀರಕ್ಕೆ ಕುಂದಿಲ್ಲ. ಪ್ರತಿಭಟಿಸಿದವರು ದೇವತೆಗಳಾಗಿದ್ದರೆಂದು ನಂಬಿದರೆ ಮಾತ್ರ ಅವರ ಪ್ರತಿಭಟನೆ ನ್ಯಾಯವಾದೀತೆಂಬ ವಾದವೇ ದುರ್ಬಲವಾದುದು. ಹಸಿದವನು, ಹೆದರಿದವನು, ಬಡಾಯಿ ಕೊಚ್ಚುವವನು ಕೂಡ ತನ್ನ ಬೀದಿಯನ್ನು ಬಿಟ್ಟುಕೊಡದೆ ನಿಲ್ಲಬಲ್ಲ. ಸುರಬಾಯದಲ್ಲಿ ನಿಂತವರು ಅಂಥವರೇ.

ಇದ್ರುಸನ ಕೊರತೆ ಬೇರೆ ಕಡೆ ಇದೆ. ಅವನಿಗೆ ನಗು ಬಲು ಸುಲಭವಾಗಿ ಬರುತ್ತದೆ. ಹತ್ತು ಪುಟ ಕಳೆಯುವುದರೊಳಗೆ ಕೊಂಕು ಒಂದು ಚಾಳಿಯಾಗಿ, ಯಾರ ಸಾವೂ ನಮ್ಮನ್ನು ಮುಟ್ಟದಂತಾಗುತ್ತದೆ. ಅದೇ ಸಂಕಲನದಲ್ಲಿ ಬಡ ಹುಡುಗನೊಬ್ಬನ ಗಿಡ್ಡ ಚಲ್ಲಣದ ಕಥೆಯೊಂದಿದೆ. ಅಲ್ಲಿ ಒಬ್ಬನೇ ಒಬ್ಬನ ಮೇಲೆ ಕಣ್ಣಿಟ್ಟದ್ದರಿಂದ ಅದೇ ನಗು ಕರುಣೆಗೆ ತಿರುಗಿದೆ. ಇಡೀ ಊರನ್ನು ಹಿಡಿಯ ಹೊರಟಲ್ಲಿ ಮನುಷ್ಯ ಕೈಜಾರಿದ್ದಾನೆ.

ಓದುತ್ತಿದ್ದಂತೆ ನನ್ನ ಮನಸ್ಸು ಎದುರು ಪಕ್ಷದ ಕಡೆಗೆ ಹೋಯಿತು. ಬ್ರಿಟಿಷ್ ಸೇನೆಯೆಂದು ನಾವು ಹೇಳುವ ಅದರ ಸಿಪಾಯಿಗಳಲ್ಲಿ ಹೆಚ್ಚಿನವರು ಭಾರತೀಯರು. ಮ್ಯಾಲಬಿಯ ಬ್ರಿಗೇಡಿನಲ್ಲಿ ರಜಪುತಾನಾ ರೈಫಲ್ಸ್ ಇತ್ತು, ಮರಾಠಾ ಪದಾತಿ ದಳವಿತ್ತು. ಮರಾಠಾ ದಳದ ಕೇಂದ್ರವಿದ್ದದ್ದು ನಮ್ಮ ಬೆಳಗಾವಿಯಲ್ಲಿ. ತನ್ನ ನಾಡಿಗೇ ಇನ್ನೂ ಸ್ವಾತಂತ್ರ್ಯ ಬಾರದ ಸಿಪಾಯಿ, ಇನ್ನೊಬ್ಬರ ಸ್ವಾತಂತ್ರ್ಯಕ್ಕೆ ಗುರಿಯಿಟ್ಟು ನಿಂತಿದ್ದ. ಭಾರತೀಯ ಸೈನಿಕರನ್ನು ಹೀಗೆ ಬಳಸಿದ್ದನ್ನು ನೆಹರೂ ಆಗಲೇ ಖಂಡಿಸಿದರು. ಕೆಲವು ನೂರು ಸಿಪಾಯಿಗಳು ಇಂಡೊನೇಷ್ಯದವರ ಕಡೆಗೇ ಸೇರಿಕೊಂಡರು. ಉಳಿದವರು ಆಜ್ಞೆ ಪಾಲಿಸಿದರು, ಸತ್ತರು, ಇಲ್ಲವೆ ಪಿಂಚಣಿ ಹಿಡಿದು ಊರಿಗೆ ಮರಳಿದರು. ಮರಳಿದವನು ಮನೆಯ ಜಗಲಿಯಲ್ಲಿ ಕುಳಿತು ಸುರಬಾಯದ ಬಗ್ಗೆ ಏನೆಂದು ಹೇಳಿಕೊಂಡನೋ! ಇದ್ರುಸನ ಕಣ್ಣು ತನ್ನ ಜನರ ಮೇಲಿದ್ದಿತು, ಅದು ಅವನ ಕೆಲಸ. ಈ ಸಿಪಾಯಿಯ ಕಥೆಯನ್ನು ಅವನಿಂದ ಬಯಸುವುದು ನ್ಯಾಯವಲ್ಲ. ಅದನ್ನು ಬರೆಯಬೇಕಾದವರು ಈ ದಂಡೆಯವರು. ಕನ್ನಡದಲ್ಲಂತೂ ನಾನು ಅದನ್ನು ಇನ್ನೂ ಓದಿಲ್ಲ.