ಕರೆಂಟ್ ಬಂತು, ಚಿತ್ರ ಬರಲಿಲ್ಲ

ಟಿವಿಯ ಹಿಂಬದಿಗೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಒಂದನ್ನು ಜೋಡಿಸಿ, ಅದಕ್ಕೆ ಲಿನಕ್ಸ್ ಹಾಕಿ, ಸಿನಿಮಾ, ಹಾಡು, ಮದುವೆಯ ವಿಡಿಯೊ, ಚಂದನ ವಾಹಿನಿ ಎಲ್ಲವನ್ನೂ ಒಂದೇ ರಿಮೋಟಿನಿಂದ ನೋಡುವ ಪದ್ಧತಿಯನ್ನು ಹೊಗಳಿ ಬರೆದವರು ಬಹಳ. ಆ ಹೊಗಳಿಕೆ ಸುಳ್ಳೇನಲ್ಲ. 2002ರಲ್ಲಿ ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕೆಂದು ಶುರುವಾದ, ಈಗ ಈ ಪೆಟ್ಟಿಗೆಯಲ್ಲಿ ಓಡುವ ಪ್ಲೇಯರ್ ತಂತ್ರಾಂಶ ಮುಂದೆ ಎಕ್ಸ್‌ಬಿಎಂಸಿ ಎನಿಸಿಕೊಂಡು, 2014ರಲ್ಲಿ ಕೋಡಿ ಎಂಬ ಹೆಸರು ಪಡೆಯಿತು. 2012ರಲ್ಲಿ ಬಂದ ಪೈ ಅದನ್ನು ಸಾಧಾರಣ ಮನೆಯ ಕೈಗೂ ಎಟುಕಿಸಿತು. ಆದರೆ ಹೊಗಳಿದವರಲ್ಲಿ ಹೆಚ್ಚಿನವರು ಅದನ್ನು ಪರೀಕ್ಷಿಸಿದ್ದು ತಂಪು ಕೋಣೆಯಲ್ಲಿ, ಎಂದೂ ಹೋಗದ ಕರೆಂಟಿನಲ್ಲಿ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮನೆಗಳಲ್ಲಿಟ್ಟು ತೂಗಿದರೆ ಲೆಕ್ಕ ಬೇರೆಯಾಗುತ್ತದೆ. ಇಲ್ಲಿ ನಾನು ಕೇಳುವುದು ಎರಡೇ ಪ್ರಶ್ನೆ. ಕರೆಂಟ್ ಹೋಗಿ ಬಂದ ಮೇಲೆ ಯಾರನ್ನೂ ಕರೆಯದೆ ಅದು ಮತ್ತೆ ಚಿತ್ರ ತೋರಿಸುತ್ತದೆಯೇ? ತೋರಿಸದಿದ್ದರೆ, ಏಕೆಂದು ಹೇಳುತ್ತದೆಯೇ?

ಇಂಥ ಪ್ರಶ್ನೆ ಈ ಜಿಲ್ಲೆಗೆ ಹೊಸದಲ್ಲ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸುವ ಸೈಟ್ ಪ್ರಯೋಗ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಡೆದಾಗ, ಕರ್ನಾಟಕದಿಂದ ಆಯ್ಕೆಯಾದದ್ದು ಗುಲಬರ್ಗಾ (ಈಗಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳು. ನಾಸಾದ ಎಟಿಎಸ್-6 ಉಪಗ್ರಹ 860 ಮೆಗಾಹರ್ಟ್ಸ್‌ನಲ್ಲಿ ಕಳಿಸಿದ ಸಂಕೇತವನ್ನು, ಕೋಳಿಗೂಡಿಗೆ ಬಳಸುವ ತಂತಿ ಜಾಲರಿಯಿಂದ ಮಾಡಿದ ಮೂರು ಮೀಟರಿನ ಡಿಶ್ ಹಿಡಿಯುತ್ತಿತ್ತು. ಒಂದು ಚಿತ್ರದ ಜೊತೆ ಎರಡು ಧ್ವನಿ ಇಳಿಯುತ್ತಿದ್ದವು. ಆ ಪ್ರಯೋಗದ ಕಾರ್ಯಕ್ರಮಗಳ ಬಗ್ಗೆ ಎಷ್ಟಾದರೂ ವಾದ ಮಾಡಬಹುದು. ಸೆಟ್ಟನ್ನು ಹಳ್ಳಿಗೆ ಒಯ್ದವರು ರಿಪೇರಿಯವರನ್ನೂ ಬಿಡಿಭಾಗಗಳನ್ನೂ ಅದರ ಜೊತೆಗೇ ಯೋಚಿಸಿದ್ದರು ಎಂಬುದರಲ್ಲಿ ಮಾತ್ರ ವಾದವಿಲ್ಲ. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಕೇಂದ್ರ ಬಂದದ್ದು ಅದರ ಬೆನ್ನಿಗೇ. ಇವತ್ತಿನ ಮನೆಯ ಮೀಡಿಯಾ ಸೆಂಟರಿನಲ್ಲಿ ಕಾಣೆಯಾಗಿರುವುದು ಆ ದುರಸ್ತಿಯ ಯೋಚನೆಯೇ. ಡ್ರೈವರ್ ಇದ್ದರೆ ಹಾರ್ಡ್‌ವೇರಿಗೆ ಬೆಂಬಲವಿದೆ ಎಂದು ತೀರ್ಮಾನಿಸಿ ಕೈ ತೊಳೆದುಕೊಳ್ಳುತ್ತಾರೆ.

ಮೊದಲು ವಿದ್ಯುತ್ತಿನ ಮಾತು, ಏಕೆಂದರೆ ಡ್ರೈವರಿನ ತಲೆಗೆ ಕಟ್ಟುವ ದೋಷಗಳಲ್ಲಿ ದೊಡ್ಡ ಪಾಲು ಇಲ್ಲಿಯದು. "ಪಿಕ್ಚರ್ ಅಟಕ್ ಆಗ್ಲತ್ತದ್ರಿ" ಎಂದು ಯಾರಾದರೂ ಹೇಳಿದ ಕೂಡಲೇ ಲಿನಕ್ಸ್ ಬಲ್ಲವರು ಅದರ ತಿರುಳಾದ ಕರ್ನಲಿನ ಆವೃತ್ತಿ ಕೇಳುತ್ತಾರೆ. ಕೇಳಬೇಕಾದದ್ದು ಚಾರ್ಜರಿನ ಸುದ್ದಿ. ಪೈ 4ಕ್ಕೆ ಬೇಕಾದದ್ದು 5.1 ವೋಲ್ಟ್, 3 ಆಂಪಿಯರ್. ಮನೆಯಲ್ಲಿ ಬಿದ್ದಿದ್ದ ಮೊಬೈಲ್ ಚಾರ್ಜರು, ಅದಕ್ಕೊಂದು ಸಪೂರ ಕೇಬಲ್ಲು ಸೇರಿದರೆ ಬೋರ್ಡಿಗೆ ಮುಟ್ಟುವಷ್ಟರಲ್ಲಿ ವೋಲ್ಟೇಜ್ ಸೊರಗಿರುತ್ತದೆ. 4.63 ವೋಲ್ಟಿಗಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಮೂಡುತ್ತದೆ, ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಗೆಟ್-ಥ್ರಾಟಲ್ಡ್ ಎಂಬ ಆಜ್ಞೆ ಕೊಟ್ಟರೆ 50005 ಎಂಬ ಉತ್ತರ ಬರಬಹುದು. ಕೊನೆಯ 5 ಎಂದರೆ ಈ ಗಳಿಗೆಯಲ್ಲೇ ವೋಲ್ಟೇಜ್ ಕಡಿಮೆಯಿದೆ, ವೇಗ ತಗ್ಗಿದೆ ಎಂದು. ಮೊದಲ 5 ಎಂದರೆ ಆನ್ ಆದಾಗಿನಿಂದ ಎಂದೋ ಒಮ್ಮೆ ಹಾಗಾಗಿತ್ತು ಎಂದು. ಈ ಎರಡನೆಯ ಸಾಕ್ಷ್ಯ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಸಂಜೆ ಎಲ್ಲರ ಮನೆಯಲ್ಲೂ ಕೂಲರ್ ತಿರುಗುವ ಹೊತ್ತಿಗೆ ನಡೆದ ದೋಷವನ್ನು ಅದು ರಾತ್ರಿ ಹತ್ತಕ್ಕೂ ನೆನಪಿಟ್ಟಿರುತ್ತದೆ. ಆದರೆ ನಮ್ಮಲ್ಲಿ ಮೊದಲು ಮಾಡುವ ಕೆಲಸವೇ ಸ್ವಿಚ್ ಆಫ್ ಮಾಡಿ ಆನ್ ಮಾಡುವುದು. ಹಾಗೆ ಮಾಡಿದರೆ ಆ ನೆನಪು ಅಳಿಸಿಹೋಗುತ್ತದೆ.

ಇನ್ನು ಕಾವು. ಮೇ ತಿಂಗಳಲ್ಲಿ ಹೊರಗೆ 43, 44 ಡಿಗ್ರಿ. ಶಹಾಬಾದ್ ಫರಸಿ ಹೊದಿಸಿದ ಛಾವಣಿ ರಾತ್ರಿಯೂ ಕಾವು ಬಿಡುತ್ತಲೇ ಇರುತ್ತದೆ. ಆ ಕೋಣೆಯಲ್ಲಿ, ಗಾಜಿನ ಬಾಗಿಲಿನ ಷೋಕೇಸಿನೊಳಗೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಪೈ ಇಟ್ಟರೆ ಅದು 80 ಡಿಗ್ರಿ ಮುಟ್ಟುವುದು ಕಷ್ಟವೇನಲ್ಲ. ಅಲ್ಲಿಂದ ವೇಗ ಇಳಿಯುತ್ತಾ ಹೋಗುತ್ತದೆ, 85ಕ್ಕೆ ಕಟ್ಟುನಿಟ್ಟಿನ ಮಿತಿ. ಸಣ್ಣ ಫ್ಯಾನ್ ಹಾಕಿ ಎಂಬ ಸಲಹೆ ಬೆಂಗಳೂರಿಗೆ ಸರಿ. ಸುಣ್ಣಕಲ್ಲು ಒಡೆಯುವ, ಸಿಮೆಂಟ್ ಅರೆಯುವ ಊರುಗಳಲ್ಲಿ ಆ ಫ್ಯಾನು ನುಣ್ಣನೆಯ ಪುಡಿಯನ್ನು ಒಳಗೆಳೆದುಕೊಂಡು ಬೇಗ ಬಿಗಿಯುತ್ತದೆ. ಇಡೀ ಡಬ್ಬಿಯೇ ಕಾವನ್ನು ಹೊರಹಾಕುವ, ಫ್ಯಾನಿಲ್ಲದ ಅಲ್ಯೂಮಿನಿಯಂ ಕವಚ ಇಲ್ಲಿಗೆ ಒಪ್ಪುವ ಆಯ್ಕೆ.

ಇಷ್ಟನ್ನೂ ಸರಿಮಾಡಿಕೊಂಡ ಮನೆಯಲ್ಲೂ ಒಂದು ದೋಷ ಉಳಿಯುತ್ತದೆ. ಕರೆಂಟ್ ಹೋಗಿ ಬರುತ್ತದೆ. ಪೈ 4ಕ್ಕೆ ಸ್ವಿಚ್ ಎಂಬುದಿಲ್ಲ, ಕರೆಂಟ್ ಬಂದೊಡನೆ ಏಳುತ್ತದೆ. ಟಿವಿ ಮಾತ್ರ ಕೆಂಪು ದೀಪ ಹಚ್ಚಿಕೊಂಡು ರಿಮೋಟಿಗಾಗಿ ಕಾಯುತ್ತಾ ಕೂರುತ್ತದೆ. ಏಳುವಾಗ ಪೈ ಎಚ್‌ಡಿಎಂಐ ಕೇಬಲ್ಲಿನ ಆಚೆ ಯಾವ ಪರದೆಯಿದೆ, ಅದರ ಅಳತೆಯೇನು, ಅದು ಯಾವ ಧ್ವನಿಯನ್ನು ಒಪ್ಪುತ್ತದೆ ಎಂದು ಕೇಳುತ್ತದೆ. ಆ ವಿವರಕ್ಕೆ ಇಡಿಐಡಿ ಎಂದು ಹೆಸರು. ಎಷ್ಟೋ ಟಿವಿಗಳು ಮಲಗಿದ್ದಾಗ ಉತ್ತರ ಕೊಡುವುದಿಲ್ಲ. ಉತ್ತರ ಬಾರದಿದ್ದರೆ ಪೈ ಪರದೆಯೇ ಇಲ್ಲವೆಂದು ತಿಳಿದು ಸುಮ್ಮನಾಗುತ್ತದೆ. ಹತ್ತು ನಿಮಿಷ ಬಿಟ್ಟು ಮನೆಯವರು ಟಿವಿ ಹಚ್ಚಿದರೆ "ಸಿಗ್ನಲ್ ಇಲ್ಲ". ಪೆಟ್ಟಿಗೆ ಸುಟ್ಟಿತೆಂದೇ ಅವರು ತಿಳಿಯುತ್ತಾರೆ. ಪರಿಹಾರ ಸುಲಭ. ಕೋಡಿಗೆಂದೇ ಮಾಡಿದ ಲಿಬ್ರೆಎಲೆಕ್ ಎಂಬ ಲಿನಕ್ಸ್‌ನಲ್ಲಿ ಟಿವಿ ಚಾಲೂ ಇದ್ದಾಗ ಗೆಟ್-ಇಡಿಐಡಿ ಎಂಬ ಆಜ್ಞೆಯನ್ನು ಒಮ್ಮೆ ಓಡಿಸಿದರೆ ಆ ವಿವರ ಪೈನ ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತದೆ. ಆಮೇಲೆ ಟಿವಿ ಮಲಗಿದ್ದರೂ ಪೈಗೆ ಅದರ ಗುರುತು ಗೊತ್ತು. ಪೈ 4ರಲ್ಲಿ ಎರಡು ಎಚ್‌ಡಿಎಂಐ ಕಿಂಡಿಗಳಿವೆ, ವಿದ್ಯುತ್ ಕಿಂಡಿಗೆ ಹತ್ತಿರದ್ದನ್ನೇ ಬಳಸಬೇಕು. ಇಂಥ ಮುಖ್ಯ ಉಪಾಯ ಸೆಟ್ಟಿಂಗಿನ ಪುಟದಲ್ಲಿ ಒಂದು ಗುಂಡಿಯಾಗಿ ಇರಬೇಕಿತ್ತು. ಆಜ್ಞೆಯ ರೂಪದಲ್ಲಿ ಅವಿತಿರುವುದನ್ನು ನಾನು ಈ ವ್ಯವಸ್ಥೆಯ ನಿಜವಾದ ಕೊರತೆಯೆಂದೇ ಎಣಿಸುತ್ತೇನೆ. ಕರೆಂಟ್ ಹೋಗದ ದೇಶಗಳಲ್ಲಿ ಬರೆದ ತಂತ್ರಾಂಶಕ್ಕೆ ಈ ದೋಷ ಅಪರೂಪದ್ದಾಗಿ ಕಾಣುತ್ತದೆ, ಇಲ್ಲಿ ಅದು ವಾರದ ಮಾತು.

ಡ್ರೈವರಿನದೇ ದೋಷ ನೋಡಬೇಕೆಂದರೆ ಅಗ್ಗದ ಯುಎಸ್‌ಬಿ ವೈಫೈ ತುಂಡನ್ನು ಕೈಗೆತ್ತಿಕೊಳ್ಳಿ. ಹಳೆಯ ಡೆಸ್ಕ್‌ಟಾಪನ್ನು ಮೀಡಿಯಾ ಸೆಂಟರ್ ಮಾಡಿಕೊಂಡವರಿಗೆ ಇದು ಬೇಕೇ ಬೇಕು. ಸಿಕ್ಕಿಸಿದರೆ ವೈಫೈ ಕಾಣುವುದಿಲ್ಲ. ಎಲ್‌ಎಸ್‌-ಯುಎಸ್‌ಬಿ ಎಂಬ ಆಜ್ಞೆ ಓಡಿಸಿದರೆ 0ಬಿಡಿಎ ಎಂಬ ತಯಾರಕರ ಸಂಖ್ಯೆ, ಅದು ರಿಯಲ್‌ಟೆಕ್‌ನದು. ಮುಂದೆ 1ಎ2ಬಿ. ಅದು ವೈಫೈ ಚಿಪ್ಪಿನ ಸಂಖ್ಯೆಯಲ್ಲ, ಸಿಡಿ ಡ್ರೈವಿನದು. ವಿಂಡೋಸ್ ಡ್ರೈವರನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡ ಈ ತುಂಡು ಮೊದಲು ಸಿಡಿಯೆಂದು ಪರಿಚಯಿಸಿಕೊಳ್ಳುತ್ತದೆ. ಆ ಸಿಡಿಯನ್ನು ಹೊರಗೆ ತೆಗೆದಂತೆ ಒಂದು ಆಜ್ಞೆ ಕೊಟ್ಟ ಮೇಲೆ ಅದೇ ತುಂಡು ಸಿ811 ಎಂಬ ಹೊಸ ಸಂಖ್ಯೆ ಧರಿಸಿ ವೈಫೈ ಆಗುತ್ತದೆ. ಆಮೇಲೂ ಕರ್ನಲ್ ಆ ಚಿಪ್ಪನ್ನು ಬಲ್ಲದಾಗಿರಬೇಕು. 8821ಸಿಯು ಎಂಬ ಈ ಚಿಪ್ಪಿನ ಯುಎಸ್‌ಬಿ ರೂಪಕ್ಕೆ ಮುಖ್ಯ ಕರ್ನಲಿನಲ್ಲಿ ಬೆಂಬಲ ಬಂದದ್ದು 2023ರ 6.2 ಆವೃತ್ತಿಯಲ್ಲಿ. ಅದಕ್ಕಿಂತ ಹಿಂದಿನ ಆವೃತ್ತಿಯಿದ್ದರೆ ಹೊರಗಿನಿಂದ ಡ್ರೈವರ್ ತಂದು ಕಟ್ಟಿಕೊಳ್ಳಬೇಕು, ಕರ್ನಲ್ ಬದಲಾದಾಗಲೆಲ್ಲ ಮತ್ತೆ ಕಟ್ಟಬೇಕು. ಡಬ್ಬಿಯ ಮೇಲಿನ ಹೆಸರು ನೋಡಿ ಕೊಂಡವರಿಗೆ ಇದರಲ್ಲಿ ಯಾವುದೂ ತಿಳಿಯುವಂತಿಲ್ಲ. ಒಂದೇ ಹೆಸರಿನ ತುಂಡಿನೊಳಗೆ ಈ ವರ್ಷ ಒಂದು ಚಿಪ್ಪು, ಮುಂದಿನ ವರ್ಷ ಇನ್ನೊಂದು. ಈ ಗೋಜೇ ಬೇಡವೆಂದರೆ ಲ್ಯಾನ್ ಕೇಬಲ್ ಎಳೆಯಿರಿ.

ಈಗ ಲಿಬ್ರೆಎಲೆಕ್ ಬಗ್ಗೆ ನನ್ನ ತೀರ್ಪು. 2016ರಲ್ಲಿ ಓಪನ್‌ಎಲೆಕ್‌ನಿಂದ ಕವಲೊಡೆದ ಇದು ಕೋಡಿ ಓಡಲು ಬೇಕಾದಷ್ಟೇ ಲಿನಕ್ಸ್. ವ್ಯವಸ್ಥೆಯ ಕಡತಗಳೆಲ್ಲ ಓದಲು ಮಾತ್ರ ತೆರೆದಿರುತ್ತವೆ, ಬರೆಯುವುದಕ್ಕಿಲ್ಲ. ಚಿಂಚೋಳಿಯಲ್ಲಿ ಮಳೆಗಾಳಿಗೆ ಕರೆಂಟ್ ಹತ್ತು ಸಲ ಹೋಗಿ ಬಂದರೂ ಆ ಭಾಗ ಸುಲಭಕ್ಕೆ ಕೆಡುವುದಿಲ್ಲ. ಕೆಟ್ಟರೆ ಕೆಡುವುದು ನಮ್ಮ ಸೆಟ್ಟಿಂಗುಗಳಿರುವ ಇನ್ನೊಂದು ಭಾಗ, ಅದನ್ನು ಬ್ಯಾಕಪ್ ಇಟ್ಟುಕೊಳ್ಳಬಹುದು. ಇದೇ ಗುಣ ದೋಷವೂ ಹೌದು. ಕರ್ನಲಿಗೆ ಗೊತ್ತಿಲ್ಲದ ಚಿಪ್ಪು ಕೈಯಲ್ಲಿದ್ದರೆ ನೀವೇ ಡ್ರೈವರ್ ಕಟ್ಟಿ ಸೇರಿಸುವಂತಿಲ್ಲ, ಮುಂದಿನ ಆವೃತ್ತಿಗೆ ಕಾಯಬೇಕು. ಫರ್ಮ್‌ವೇರ್ ಕಡತ ಮಾತ್ರ ಇಡಲು ಜಾಗ ಬಿಟ್ಟಿದ್ದಾರೆ. ಡೆಬಿಯನ್‌ನಂಥ ಸಾಮಾನ್ಯ ಲಿನಕ್ಸ್ ಹಾಕಿದರೆ ಆ ಸ್ವಾತಂತ್ರ್ಯ ಉಂಟು, ಜೊತೆಗೆ ಕರೆಂಟ್ ಹೋದಾಗ ಇಡೀ ವ್ಯವಸ್ಥೆ ಕೆಡುವ ಭಯವೂ ಉಂಟು. ಯಾರೂ ತಂತ್ರಜ್ಞರಿಲ್ಲದ ಮನೆಗೆ ಲಿಬ್ರೆಎಲೆಕ್ಕೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಹಾರ್ಡ್‌ವೇರನ್ನು ಅದಕ್ಕೆ ಹೊಂದುವಂತೆ ಆಯ್ದುಕೊಂಡರೆ.

ಇಲ್ಲಿ ಆಯ್ಕೆ ಉಲ್ಟಾ ನಡೆಯುತ್ತದೆ. ಆಮ್‌ಲಾಜಿಕ್ ಚಿಪ್ಪಿನ ಅಗ್ಗದ ಟಿವಿ ಬಾಕ್ಸ್ ಮೊದಲು ಮನೆಗೆ ಬರುತ್ತದೆ, ಅದಕ್ಕೆ ಯಾವ ಲಿನಕ್ಸ್ ಹೊಂದುತ್ತದೆ ಎಂಬ ಹುಡುಕಾಟ ಆಮೇಲೆ. 2018ರಲ್ಲಿ ಲಿಬ್ರೆಎಲೆಕ್‌ನಿಂದ ಬೇರೆಯಾದ ಕೋರ್‌ಎಲೆಕ್ ಇಂಥ ಬಾಕ್ಸ್‌ಗಳಿಗೆಂದೇ ಚಿಪ್ ತಯಾರಕರ ಕರ್ನಲನ್ನು ಬಳಸುತ್ತದೆ. ಅದರಿಂದ ವಿಡಿಯೊ ಚೆನ್ನಾಗಿ ಓಡುತ್ತದೆ, ಒಪ್ಪುತ್ತೇನೆ. ಆದರೆ ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲಿಗೆ ಹೇಳುವ ಡಿವೈಸ್ ಟ್ರೀ ಕಡತವನ್ನು ಬಳಸುವವರೇ ಆರಿಸಿ ಇಡಬೇಕು. ತಪ್ಪಿದರೆ ಲ್ಯಾನ್ ಇರುವುದಿಲ್ಲ, ಅಥವಾ ಪೆಟ್ಟಿಗೆ ಏಳುವುದೇ ಇಲ್ಲ, ಮತ್ತು ಏಳದ ಪೆಟ್ಟಿಗೆ ಕಾರಣ ಹೇಳುವುದಿಲ್ಲ. ನನ್ನ ಎರಡನೆಯ ಪ್ರಶ್ನೆಯಲ್ಲಿ ಇವು ಸೋಲುತ್ತವೆ.

ಹೊಸದೆಲ್ಲ ಒಳ್ಳೆಯದೆಂಬ ನಂಬಿಕೆಯೂ ಇಲ್ಲಿ ಕೆಲಸಕ್ಕೆ ಬಾರದು. 2023ರ ಪೈ 5 ವೇಗದ ಯಂತ್ರ, ಆದರೆ ಪೈ 4ರಲ್ಲಿದ್ದ ಎಚ್.264 ವಿಡಿಯೊ ಬಿಡಿಸುವ ಪ್ರತ್ಯೇಕ ಸರ್ಕ್ಯೂಟನ್ನು ಅದರಿಂದ ತೆಗೆದಿದ್ದಾರೆ. ಎಚ್‌ಇವಿಸಿ ಬಗೆಯ ವಿಡಿಯೊಗೆ ಮಾತ್ರ ಅದು ಉಳಿದಿದೆ. ಮದುವೆಯ ವಿಡಿಯೊದಿಂದ ಡೌನ್‌ಲೋಡ್ ಮಾಡಿದ ಹಾಡಿನವರೆಗೆ ಮನೆಯಲ್ಲಿರುವ ಬಹುಪಾಲು ಕಡತ ಎಚ್.264. ಪೈ 5ರ ಪ್ರೊಸೆಸರ್ ಅದನ್ನು ತನ್ನ ಬಲದಿಂದಲೇ ಬಿಡಿಸಬಲ್ಲದು, ನಿಜ. ಆ ಬಲಕ್ಕೆ ತಕ್ಕ ಕಾವೂ ಏಳುತ್ತದೆ, ತಯಾರಕರು ಹೇಳುವ 5 ಆಂಪಿಯರಿನ ಪವರ್ ಸಪ್ಲೈಯೂ ಬೇಕು. ಫರಸಿ ಛಾವಣಿಯ ಮನೆಗೆ ಪೈ 4 ಸಾಕು.

ಇಂಟರ್ನೆಟ್ ದುರ್ಬಲವಿರುವ ಕಡೆ ಈ ಪೆಟ್ಟಿಗೆಯ ದೊಡ್ಡ ಉಪಯೋಗ ಇನ್ನೊಂದಿದೆ, ಅದರ ಬಗ್ಗೆ ಮಾತಾಡುವವರೇ ಕಡಿಮೆ. 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ ಡಿಡಿ ಫ್ರೀ ಡಿಶ್ ಬರುತ್ತದೆ, ತಿಂಗಳ ಬಾಡಿಗೆಯಿಲ್ಲ. ಡಿವಿಬಿ-ಎಸ್2 ಯುಎಸ್‌ಬಿ ಟ್ಯೂನರ್, ಟಿವಿಹೆಡೆಂಡ್ ತಂತ್ರಾಂಶ ಸೇರಿದರೆ ಚಂದನ ವಾಹಿನಿ ನೇರ ಕೋಡಿಯೊಳಗೆ ಬರುತ್ತದೆ, ರೆಕಾರ್ಡೂ ಆಗುತ್ತದೆ. ಟ್ಯೂನರ್ ಕೊಳ್ಳುವಾಗಲೂ ಮೇಲೆ ಹೇಳಿದ ಎಚ್ಚರವೇ ಬೇಕು, ಮುಖ್ಯ ಕರ್ನಲಿನಲ್ಲಿ ಡ್ರೈವರ್ ಇರುವುದನ್ನೇ ಆರಿಸಬೇಕು. ಆದರೆ ಇಲ್ಲೊಂದು ವಿಶೇಷ ದೋಷ ಕಾಡುತ್ತದೆ. ಟ್ಯೂನರ್ ಗುರುತಾಗುತ್ತದೆ, ಡ್ರೈವರ್ ಏರುತ್ತದೆ, ಫರ್ಮ್‌ವೇರ್ ಲೋಡ್ ಆಯಿತೆಂದು ಲಾಗ್ ಹೇಳುತ್ತದೆ, ಚಾನೆಲ್ ಮಾತ್ರ ಒಂದೂ ಸಿಗುವುದಿಲ್ಲ. ಡಿಶ್ಶಿನ ಮೇಲಿರುವ ಎಲ್‌ಎನ್‌ಬಿ ನಡೆಯುವುದು ಟ್ಯೂನರ್ ಕೇಬಲ್ಲಿನಲ್ಲಿ ಕಳಿಸುವ 13 ಅಥವಾ 18 ವೋಲ್ಟಿನಿಂದ, ಟ್ಯೂನರಿಗೆ ಅದು ಸಿಗುವುದು ತನ್ನದೇ ಅಡಾಪ್ಟರಿನಿಂದ. ಕರೆಂಟಿನ ಏರುಪೇರಿಗೆ ಆ ಅಡಾಪ್ಟರ್ ಸೊರಗಿದ್ದರೆ ಲಿನಕ್ಸಿಗೆ ಅದು ಕಾಣುವುದಿಲ್ಲ, ಲಾಗಿನಲ್ಲೂ ಬರುವುದಿಲ್ಲ. ಟ್ಯೂನರ್ ಚಾಲೂ ಇಟ್ಟು ಎಲ್‌ಎನ್‌ಬಿ ಕಡೆಯ ತುದಿಗೆ ಮಲ್ಟಿಮೀಟರ್ ಹಿಡಿದರೆ ಸಂಗತಿ ಅರೆ ನಿಮಿಷದಲ್ಲಿ ಬಯಲಾಗುತ್ತದೆ. ಆ ಅಳತೆ ಮುಗಿಯುವವರೆಗೆ ಕರ್ನಲನ್ನು ಯಾರೂ ಮುಟ್ಟಬಾರದು.